ಹಗೇವಿನ ಮೇಲೆ ಕೂತ ಪೂಜೆ

ಆಡೂರಿನಿಂದ ಹಂಸಭಾವಿಗೆ ಸೊಸೆಯಾಗಿ ಬಂದ ಅನ್ನವ್ವ ಕೂತಲ್ಲಿ ಕೂರುವ ಹೆಣ್ಣಲ್ಲ. ರೊಟ್ಟಿ ಬಡಿಯುತ್ತಲೇ ಎಮ್ಮೆಯನ್ನು ಗದರಿಸುವಳು, ಎಮ್ಮೆ ಹಿಂಡುತ್ತಲೇ ನೆರೆಮನೆಯ ಜಗಳಕ್ಕೆ ತೀರ್ಪು ಕೊಡುವಳು. ದಿನಾ ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿ, ಕೊರಳಲ್ಲಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂಡುವುದೇನೋ ಕೂಡುತ್ತಿದ್ದಳು. ಆದರೆ ಕಣ್ಣು ಲಿಂಗದ ಮೇಲಿದ್ದರೆ ಮನಸ್ಸು ಒಲೆಯ ಮೇಲೆ. ದೀಕ್ಷೆ ಕೊಟ್ಟ ಅಯ್ಯನವರು, "ಕಣ್ಣು ಎಲ್ಲೈತೋ ಮನಸೂ ಅಲ್ಲೇ ಇರಲಿ ತಂಗಿ, ಅಷ್ಟ ಸಾಕು," ಎಂದಿದ್ದರು. ಅದೊಂದೇ ಆಕೆಯ ಕೈಲಿ ಆಗುತ್ತಿರಲಿಲ್ಲ.

"ನಮ್ಮ ಅನ್ನವ್ವನ ಪೂಜಿ ಅಂದ್ರ ಒಗ್ಗರಣಿ ಹಾಕಿದಂಗ. ಚುಂಯ್ ಅನ್ನೂದ್ರಾಗ ಮುಗೀತು," ಎಂದು ಅತ್ತೆ ಫಕ್ಕೀರವ್ವ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದಳು. ಅನ್ನವ್ವನೂ ನಗುತ್ತಿದ್ದಳು. ಸುಳ್ಳಲ್ಲವಲ್ಲ.

ನಲವತ್ತೆರಡರ ಮಳೆಗಾಲದಲ್ಲಿ ಆಕೆಯ ತಮ್ಮ ಕುಬೇರಪ್ಪ ಚಳವಳಿ ಸೇರಿ, ಹಿರೇಕೆರೂರು ರಸ್ತೆಯ ತಂತಿ ಕಡಿದು, ತಲೆಮರೆಸಿಕೊಂಡು ಅಕ್ಕನ ಮನೆಗೆ ಬಂದ. ಉಂಡು ಕೈ ತೊಳೆಯುವಷ್ಟರಲ್ಲಿ ಪೊಲೀಸರು ಓಣಿ ಹೊಕ್ಕ ಸುದ್ದಿ ಬಂತು. ಗಂಡ ಹೊಲದಲ್ಲಿದ್ದ. ಓಡಲು ಹಾದಿ ಇರಲಿಲ್ಲ.

ಪಡಸಾಲೆಯ ನೆಲದಡಿ ಜೋಳ ತುಂಬುವ ಹಗೇವು ಇತ್ತು. ಕಾಳು ತೀರಿ ಖಾಲಿಯಾಗಿತ್ತು, ಗಾಳಿಯಾಡಲೆಂದು ಬಾಯಿ ತೆರೆದಿಟ್ಟಿದ್ದರು. ಹಗೇವಿನ ಗುಣವನ್ನು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಯಿ ಮುಚ್ಚಿದರೆ ಒಳಗೆ ಉಸಿರು ಬಹಳ ಹೊತ್ತು ಸಿಗುವುದಿಲ್ಲ. ಮಳೆಗಾಲದಲ್ಲಂತೂ ತಳಕ್ಕೆ ಅಂಟಿ ಉಳಿದ ನಾಲ್ಕು ಹಳೆಯ ಕಾಳೇ ಕಾವು ಹಿಡಿದು ಗಾಳಿ ಬೇಗ ಕೆಡುತ್ತದೆ. ಅದು ಗೊತ್ತಿದ್ದೂ ಅನ್ನವ್ವ ತಮ್ಮನನ್ನು ಒಳಗಿಳಿಸಿದಳು, ಬಾಯಿಗೆ ಕಲ್ಲು ಎಳೆದಳು, ಕಂಬಳಿ ಹಾಸಿದಳು. ಮೇಲೆ ಮಣೆಯಿಟ್ಟು, ದೀಪ ಹಚ್ಚಿ, ಲಿಂಗ ಹಿಡಿದು ಕೂತಳು. ಪೂಜೆಗೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಒಂದಿಷ್ಟು ಹೊತ್ತು ಹುಡುಕಿ ಹೋಗುತ್ತಾರೆ, ಅಷ್ಟರವರೆಗೆ ಹುಡುಗನ ಜೀವ ತಡೆದೀತು ಎಂಬುದು ಆಕೆಯ ಲೆಕ್ಕ.

ಬಂದ ಹವಾಲ್ದಾರ ಕರಬಸಪ್ಪ ತಾನೂ ಲಿಂಗ ಕಟ್ಟಿದವನು. ಬೂಟು, ತೊಗಲಿನ ಪಟ್ಟಿ ಹೊರಗೆ ಬಿಚ್ಚಿಟ್ಟು ಒಳಬಂದ. ಅಟ್ಟ, ದನದ ಕೊಟ್ಟಿಗೆ, ಬಣವೆ ಎಲ್ಲ ಜಾಲಾಡಿಸಿದ. ಆಮೇಲೆ ಅನ್ನವ್ವನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ನಮ್ಮ ಅವ್ವನೂ ಹಿಂಗ ಕುಂದರತಿದ್ಲು," ಎಂದ ಫಕ್ಕೀರವ್ವನಿಗೆ. "ಖರೇ ಕುಂತಾರು ಯಾರು, ಹುಸಿ ಕುಂತಾರು ಯಾರು, ಕಣ್ಣು ನೋಡಿದ್ರ ನನಗ ತಿಳೀತೈತ್ರಿ ಯವ್ವಾ. ಮುಗೀಲಿ, ಕಾಯ್ತೇನಿ."

ಅನ್ನವ್ವನ ಮನಸ್ಸೆಲ್ಲ ನೆಲದಡಿ ಇತ್ತು. ಉಸಿರಾಡುತ್ತಿದ್ದಾನೋ? ಕೆಮ್ಮಿಬಿಟ್ಟರೆ? ಕಲ್ಲು ಸಂದಿಲ್ಲದಂತೆ ಕೂತುಬಿಟ್ಟಿದೆಯೋ? ಮನಸ್ಸು ಕೆಳಗಿಳಿದಂತೆಲ್ಲ ರೆಪ್ಪೆಗಳೂ ಕೆಳಗೆ ಎಳೆದವು. ಇನ್ನೊಂದು ಸಲ ಕಣ್ಣು ಕಂಬಳಿಯತ್ತ ಜಾರಿದರೆ ಮುಗಿಯಿತು, ಇವನು ಕಲ್ಲು ಎತ್ತಿಸುತ್ತಾನೆ. ಕಣ್ಣು ನಿಲ್ಲಬೇಕಾದರೆ ಮನಸ್ಸನ್ನು ಮೇಲೆ ತರಬೇಕು, ಬೇರೆ ದಾರಿಯೇ ಇಲ್ಲವೆಂದು ಆಕೆಗೆ ಆಗ ತಿಳಿಯಿತು.

ತಂದಳು. ಮತ್ತೆ ಓಡಿತು, ಮತ್ತೆ ತಂದಳು. ಲಿಂಗಕ್ಕೆ ಬಳಿದ ಕಪ್ಪು ಕಂತಿಯ ಮೇಲೆ ದೀಪದ ಬೆಳಕು ಜೋಳದ ಕಾಳಿನಷ್ಟು ಕೂತಿತ್ತು. ಅದರ ಪಕ್ಕ ಒಂದು ನೀರಹನಿ. ಇಷ್ಟು ವರ್ಷ ಹಿಡಿದ ಲಿಂಗವನ್ನು ಆಕೆ ಒಮ್ಮೆಯೂ ನೋಡಿರಲೇ ಇಲ್ಲ. ಉಸಿರು ಬಂತು, ಹೋಯಿತು. ಹವಾಲ್ದಾರ ಕೆಮ್ಮಿದ್ದು ಕೇಳಿತು, ಹೋಯಿತು. ಆಮೇಲೆ ಬೆಳಕು ಮಾತ್ರ ಇತ್ತು.

ಮುಂದಿನದೆಲ್ಲ ಅನ್ನವ್ವನಿಗೆ ಗೊತ್ತಾದದ್ದು ಅತ್ತೆ ಹೇಳಿದ ಮೇಲೆ. ಕರಬಸಪ್ಪ ಇದ್ದಕ್ಕಿದ್ದಂತೆ, "ಗುದ್ದಲಿ ತರ್ರೋ! ಈಕಿ ಕುಂತ ನೆಲಾನ ಅಗದುಬಿಡೂಣು!" ಎಂದು ಗುಡುಗಿದನಂತೆ. ಫಕ್ಕೀರವ್ವನಿಗೆ ಜೀವ ಬಾಯಿಗೆ ಬಂತು. ಆದರೆ ಅವನ ನೋಟ ಸೊಸೆಯ ಕಣ್ಣಮೇಲಿತ್ತು, ಆ ಕಣ್ಣು ಮಿಸುಕಲಿಲ್ಲ. ಅವನು ಬಹಳ ಹೊತ್ತು ನೋಡಿದ. ಎದ್ದು, ಆಕೆಯ ಅಂಗೈಗೆ ತಲೆಬಾಗಿ, "ಬ್ಯಾಡ ನಡೀರಿ, ಇವರಿಗೇನೂ ಗೊತ್ತಿಲ್ಲ," ಎಂದು ಹೊರಟುಹೋದ.

ಫಕ್ಕೀರವ್ವ ಓಣಿಯ ತಿರುವಿನವರೆಗೆ ನೋಡಿ ಬಂದು, "ಹೋದ್ರು, ಏಳ," ಎಂದಳು. ಅನ್ನವ್ವ ಏಳಲಿಲ್ಲ. ಹಿತ್ತಲ ಬಾಗಿಲ ಮರೆಯಲ್ಲಿ ಪೊಲೀಸನೊಬ್ಬ ಉಳಿದಿರಬೇಕು, ಅದನ್ನು ಕಂಡೇ ಸೊಸೆ ನಟನೆ ಬಿಟ್ಟಿಲ್ಲ ಎಂದು ಮುದುಕಿ ತಿಳಿದಳು. ಒಗ್ಗರಣೆಯ ಪೂಜೆಯವಳು ನಿಜಕ್ಕೂ ಮುಳುಗಿದ್ದಾಳೆಂದು ಯಾವ ಅತ್ತೆ ನಂಬಿಯಾಳು? ತಾನೂ ತುಟಿ ಬಿಗಿದು ಕಾದಳು. ಬಿಸಿಲು ಹೊಸ್ತಿಲು ದಾಟಿತು. ಕೆಳಗಿನಿಂದ ಕಲ್ಲಿಗೆ ಏನೋ ಬಡಿದ ಸದ್ದು. ಮತ್ತೊಮ್ಮೆ, ಮೆಲ್ಲಗೆ. ಆಮೇಲೆ ಇಲ್ಲ. ಆಗ ಮುದುಕಿ ಪೂಜೆಯೆಂಬುದನ್ನೂ ಮರೆತು ಸೊಸೆಯ ಭುಜ ಹಿಡಿದು ಅಲುಗಿಸಿದಳು.

"ಏನತ್ತಿ?" ಎಂದಳು ಅನ್ನವ್ವ. ಆ ಮುಖದಲ್ಲಿ ನಗು ಇತ್ತು.

ಮರುಕ್ಷಣ ನೆನಪಾಯಿತು. ಲಿಂಗವನ್ನು ಎದೆಗೆ ಕಟ್ಟಿ, ಕಲ್ಲು ಸರಿಸಿ, ಅತ್ತೆ ಬೇಡವೆಂದು ಕೂಗುತ್ತಿದ್ದರೂ ಉಸಿರು ಬಿಗಿಹಿಡಿದು ತಾನೇ ಇಳಿದಳು. ಕುಬೇರಪ್ಪ ಗೋಡೆಗೆ ಕುಸಿದಿದ್ದ, ಬಾಯಲ್ಲಿ ನೊರೆ. ಅವನ ಕಂಕುಳಿಗೆ ಹಗ್ಗ ಕಟ್ಟಿ, ಕೆಳಗಿಂದ ನೂಕಿ, ಮೇಲಿಂದ ಎಳೆದು ಹೊರತಂದರು. ನೀರು ಎರಚಿ, ಎದೆ ತಿಕ್ಕಿ, ಹೆಸರು ಹಿಡಿದು ಕೂಗಿದ ಮೇಲೆ ಕೊನೆಗೊಮ್ಮೆ ಉಸಿರೆಳೆದ.

ಅವನು ಉಳಿದ. ಆಮೇಲೆ ಬೇರೆ ಊರಲ್ಲಿ ಸಿಕ್ಕಿಬಿದ್ದು ಜೈಲಿಗೂ ಹೋದ. ಊರಿಗೇನು, ಹೊಗಳಲು ಒಂದು ನೆಪ ಬೇಕು. ಅನ್ನವ್ವನ ಗಟ್ಟಿ ಗುಂಡಿಗೆಯ ಕಥೆ ಚಿಕ್ಕೇರೂರಿನ ತನಕ ಹಬ್ಬಿತು. ಕಾಲಿಗೆ ಬೀಳಲು ಬಂದವರನ್ನು ಆಕೆ ಬೈದು ಕಳಿಸಿದಳು.

ಬಿಡುಗಡೆಯಾಗಿ ಬಂದ ಕುಬೇರಪ್ಪ ಒಂದು ದಿನ ಊಟದ ನಡುವೆ ಹೇಳಿದ: "ನಾ ಬಡದಾಗ ನೀ ಮಿಸುಕಲಿಲ್ಲ ನೋಡಕ್ಕಾ. ಅದಕ್ಕ ಎಂಟೆದಿ ಬೇಕು."

ಅನ್ನವ್ವ ರೊಟ್ಟಿ ಬಡಿಸುವ ಕೈ ನಿಲ್ಲಿಸಿದಳು.

"ನಾ ಕೇಳಿ ಸುಮ್ನಿದ್ದಿಲ್ಲಪ್ಪ. ನನಗ ಕೇಳಿಸ್ಲೇ ಇಲ್ಲ. ನೀ ಒಳಗಿದ್ದೀ ಅನ್ನೂದ ಮರತಿದ್ದೆ. ನೀ ಸಾಯಾಕತ್ತಿದ್ದಿ, ನಾ ಸುಖದಾಗಿದ್ದೆ."

ಕುಬೇರಪ್ಪ ತಾಟು ಪಕ್ಕಕ್ಕೆ ಸರಿಸಿ, "ಮತ್ತ ಹಂಗ ಕುಂತೀ ಏನು?" ಎಂದು ಕೇಳಿದ.

"ಇಲ್ಲ. ಕಣ್ಣು ನಿಲ್ಲಾಕತ್ತಿತು ಅಂದ ಕೂಡ್ಲೇ ಹೆದರಿ ಎದ್ದಬಿಡ್ತೇನಿ," ಎಂದಳು ಅನ್ನವ್ವ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರೂ ಅಷ್ಟು ಚಲೋ ಇನ್ನೆಂದೂ ಇದ್ದಿಲ್ಲ ಕುಬೇರಾ. ದಿನಾ ಬೇಕನಸ್ತೈತಿ."