ಕೊಡೆ ಬೀಸಿದರೆ ನಿಲ್ಲುವ ಲಾಂಚು

ನಾನು ಜೀವಮಾನವಿಡೀ ವ್ಯಾಪಾರ ಮಾಡಿದವಳು, ಆದರೆ ಬಾಗಿಲಿರುವ ಅಂಗಡಿ ಇಟ್ಟವಳಲ್ಲ. ಹಿನ್ನೀರು ದಾಟಿಸುವ ಲಾಂಚು ಬಂದು ನಿಲ್ಲುತ್ತಿದ್ದ ತುಮರಿ ಕಡೆಯ ಕಟ್ಟೆಯಲ್ಲಿ ಒಂದು ಬುಟ್ಟಿ, ಒಂದು ಚಾಕು, ಉಪ್ಪುಖಾರದ ಡಬ್ಬಿ. ಸೌತೆಕಾಯಿ ಕಾಲದಲ್ಲಿ ಸೌತೆಕಾಯಿ, ಉಳಿದಂತೆ ಬೇಯಿಸಿದ ಶೇಂಗಾ. ಮೂರನೇ ಕ್ಲಾಸಿನ ಅಕ್ಷರಕ್ಕೆ ಅಷ್ಟು ಸಾಕಿತ್ತು. ಅಂಗಡಿ ಅಂದರೆ ಏನೆಂದು ಯಾರೂ ನನಗೆ ಹೇಳಿಕೊಡುವುದು ಬೇಡ ಎಂಬ ಜಂಬವಿತ್ತು. ಪಕ್ಕದ ಮನೆಯ ವಿನುತಾ ಅದನ್ನು ಇಳಿಸಿದಳು.

ವಿನುತಾ ಕಂಪ್ಯೂಟರಿನಲ್ಲಿ ಆಟ ಮಾಡುತ್ತಾಳೆ. ಆಡುವುದಲ್ಲ, ಮಾಡುವುದು. ಹೀಗೆ ಒಬ್ಬೊಬ್ಬರೇ ಮನೆಯಲ್ಲಿ ಕೂತು ಮಾಡಿದ ಆಟಗಳನ್ನು ಮಾರಲು ಇಂಟರ್ನೆಟ್ಟಿನಲ್ಲಿ ಅಂಗಡಿಯಿದೆ. ತೋರಿಸಿದಳು. ಬೆರಳು ಜಾರಿಸಿದಷ್ಟೂ ಸಾಲುಸಾಲು ಚಿತ್ರ. ಒಂದರಲ್ಲಿ ಕಪ್ಪೆ, ಒಂದರಲ್ಲಿ ದೆವ್ವ, ಒಂದರಲ್ಲಿ ರೊಟ್ಟಿ ಸುಡುವ ಮುದುಕ. ಯಾವ ದೇಶದವರಾದರೂ ತಮ್ಮ ಸರಕನ್ನು ತಾವೇ ತಂದು ತೂಗುಹಾಕಬಹುದು. ಸಂತೆಯಲ್ಲಿ ಮೊಳ ಜಾಗಕ್ಕೆ ಜಗಳವಾಡಿದ ನನಗೆ ಬೆರಗಾಯಿತು.

"ಗಿರಾಕಿ ಎಲ್ಲಿ ಕೂರ್ತಾರೆ?" ಅಂದೆ.

"ಯಾರೂ ಕೂರಲ್ಲ ಅಜ್ಜಿ. ನೋಡ್ತಾರೆ, ಹೋಗ್ತಾರೆ."

ಅಲ್ಲಿಗೇ ನನ್ನ ಬೆರಗು ಅರ್ಧ ಇಳಿಯಿತು. ನಿಂತ ಗಿರಾಕಿ ನೋಡುತ್ತಾನೆ, ಕೂತ ಗಿರಾಕಿ ಕೊಳ್ಳುತ್ತಾನೆ. ನನ್ನ ವ್ಯಾಪಾರವೆಲ್ಲ ನಡೆದದ್ದು ಕಾಯುವವರಿಂದ. ಲಾಂಚು ಆಚೆ ದಡದಲ್ಲಿದ್ದಷ್ಟು ಹೊತ್ತು ಜನಕ್ಕೆ ಹಸಿವು, ಮಾತು, ನಗು ಎಲ್ಲ. ಆ ಕಟ್ಟೆಯ ಮೇಲೆ ಕಾಯುತ್ತಲೇ ಎಷ್ಟೋ ಸಂಬಂಧ ಕುದುರಿದವು. ಮಾತುಬಿಟ್ಟ ಅಣ್ಣತಮ್ಮಂದಿರು ಒಂದೇ ಪೊಟ್ಟಣದ ಶೇಂಗಾ ಸುಲಿದರು. ಸೇತುವೆ ಬಂತು, ಕಾಯುವುದು ನಿಂತಿತು, ಬುಟ್ಟಿ ಅಟ್ಟಕ್ಕೆ ಹೋಯಿತು. ಸೇತುವೆ ಒಳ್ಳೆಯದೇ. ಅದಕ್ಕೆ ಯಾರೂ ಅಳಬೇಕಿಲ್ಲ.

ವಿನುತಾಳ ಆಟ ಆ ಲಾಂಚಿನದೇ. ಎರಡು ವರ್ಷ ಕೂತು ಮಾಡಿದ್ದು. ಜೀಪು, ಬೈಕು, ಬಸ್ಸು, ಜನ ಎಲ್ಲವನ್ನೂ ಲಾಂಚು ವಾಲದಂತೆ ತುಂಬಿ ದಾಟಿಸಬೇಕು. ಶುಕ್ರವಾರ ಅಂಗಡಿಗೆ ಹಾಕುವವಳಿದ್ದಳು, ಗುರುವಾರ ನನಗೆ ತೋರಿಸಿದಳು. ನೀರಿನ ನಡುವೆ ನಿಂತ ಒಣಮರದ ಬೊಡ್ಡೆಗಳನ್ನೂ ಬಿಟ್ಟಿರಲಿಲ್ಲ. ಚೆನ್ನಾಗಿತ್ತು. ಆಮೇಲೆ ಆಟದಲ್ಲಿ ಗಂಟೆ ಹೊಡೆಯಿತು, ಲಾಂಚು ಹೊರಟೇಬಿಟ್ಟಿತು.

"ಗುಡ್ಡದ ಕಡೆ ನೋಡ್ದೇ ಹೊರಡೋದಾ?"

"ಟೈಮ್ ಆಯ್ತಲ್ಲ ಅಜ್ಜಿ."

"ಟೈಮಂತೆ! ತಡವಾಗಿ ಬರೋರು ಗುಡ್ಡದ ಮೇಲಿಂದ ಕೊಡೆ ಬೀಸಿದ್ರೆ ಲಾಂಚು ನಿಲ್ತಿತ್ತು ಮಾರಾಯ್ತಿ. ಡ್ರೈವರ್ ಶೇಷಣ್ಣ 'ಬಾ ಬಾ, ಮದುವಣಗಿತ್ತಿ ಹಂಗೆ ನಡೀಬೇಡ' ಅಂತ ಬೈತಾ ಕಾಯ್ತಿದ್ದ."

"ಕಾಯಿಸಿದ್ರೆ ಆಡೋರು ಎದ್ದು ಹೋಗ್ತಾರೆ. ಒಂದ್ಸಲ ಹೋದೋರು ಮತ್ತೆ ಬರಲ್ಲ. ನನ್ನ ಎರಡು ವರ್ಷ ಹೊಳೆಗೆ!"

ಅವಳದು ವ್ಯಾಪಾರದ ಮಾತು, ನನಗೆ ಅರ್ಥವಾಗುತ್ತದೆ. ಸುಮ್ಮನಿರಬಹುದಿತ್ತು. ಆದರೆ ಆ ಕೊಡೆಯ ವಿಷಯದಲ್ಲಿ ನನ್ನದೊಂದು ಕಳ್ಳತನವಿತ್ತು. ಅವಳಿಗೆ ಹೇಳಿಬಿಟ್ಟೆ, ನಿಮಗೂ ಹೇಳುತ್ತೇನೆ.

ಬುಟ್ಟಿಯಲ್ಲಿ ಸೌತೆಕಾಯಿ ಉಳಿದರೆ ನಾದಿನಿಯನ್ನು ಗುಡ್ಡ ಹತ್ತಿಸಿ ಕೊಡೆ ಬೀಸಿಸುತ್ತಿದ್ದೆ. ಲಾಂಚು ಕಾಯುತ್ತಿತ್ತು. ಬಿಸಿಲಿಗೆ ಬಾಯಾರಿದವರು ಕೊಳ್ಳುತ್ತಿದ್ದರು. ನಾದಿನಿ ಆ ಕಡೆಯಿಂದಲೇ ಮನೆಗೆ ಹೋಗುತ್ತಿದ್ದಳು. ಎರಡು ಸಲ ನಡೆಯಿತು, ಅಷ್ಟರಲ್ಲಿ ಶೇಷಣ್ಣನಿಗೆ ವಾಸನೆ ಬಡಿದಿತ್ತು. ಮೂರನೇ ಸಲ ಕೊಡೆ ಕಂಡಾಗ, "ನಿನ್ನ ಸೌತೆಕಾಯಿ ನೀನೇ ತಿನ್ನು" ಎಂದು ಲಾಂಚು ಬಿಟ್ಟ. ಅವತ್ತು ನಾದಿನಿ ಮನೆಯಲ್ಲಿದ್ದಳು. ಇದು ನನ್ನ ಕೊಡೆಯಲ್ಲ ಎಂದು ಕೂಗಬಹುದಿತ್ತು. ಕೂಗಿದರೆ ಹಿಂದಿನವು ನನ್ನವೆಂದು ಒಪ್ಪಿಕೊಂಡಂತೆ. ಬಾಯಿ ಮುಚ್ಚಿಕೊಂಡೆ. ಗುಡ್ಡ ಇಳಿದು ಬಂದದ್ದು ಜ್ವರದ ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು, ಸಾಗರ ಪೇಟೆಯ ಆಸ್ಪತ್ರೆಗೆ ಹೊರಟವಳು. ಮುಂದಿನ ಲಾಂಚು ಬರುವ ತನಕ ನನ್ನ ಬುಟ್ಟಿಯ ಪಕ್ಕವೇ ಕೂತಳು. ಒಂದು ಹೋಳು ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ತಿನ್ನಲಿಲ್ಲ. ಮಗು ಉಳಿಯಿತು. ಅದರಲ್ಲಿ ನನ್ನ ಪುಣ್ಯ ಏನಿಲ್ಲ.

ವಿನುತಾ ಲ್ಯಾಪ್‌ಟಾಪು ಮುಚ್ಚಿದಳು. ಶುಕ್ರವಾರ ಹೋಯಿತು, ಮತ್ತೊಂದು ಶುಕ್ರವಾರವೂ ಹೋಯಿತು. ಹುಡುಗಿಯ ಕೆಲಸ ಕೆಡಿಸಿದೆನಲ್ಲ ಎಂದು ನಾನು ಅವರ ಬೇಲಿಯ ಕಡೆ ಸುಳಿಯುವುದನ್ನೇ ಬಿಟ್ಟೆ. ಕೊನೆಗೆ ಅವಳೇ ಬಂದಳು. ಆಟ ಅಂಗಡಿ ಸೇರಿತ್ತು. ಈಗ ಗಂಟೆ ಹೊಡೆದ ಮೇಲೆ ಒಮ್ಮೊಮ್ಮೆ ಗುಡ್ಡದ ಮೇಲೆ ಕಪ್ಪು ಕೊಡೆ ಕಾಣುತ್ತದೆ. ಕಾದರೆ ಕೆಲವು ಸಲ ನಿಜವಾಗಿ ಯಾರೋ ಇಳಿದು ಬರುತ್ತಾರೆ. ಕೆಲವು ಸಲ ಕೊಡೆ ಮಡಚಿಕೊಂಡು ತಿರುಗಿ ಹೋಗುತ್ತದೆ, ಅಷ್ಟರಲ್ಲಿ ಕಟ್ಟೆಯ ಮೇಲೊಬ್ಬ ಮುದುಕಿ ಸೌತೆಕಾಯಿ ಮಾರಿ ಮುಗಿಸಿರುತ್ತಾಳೆ. ಕಾಯುವುದು ಬಿಡುವುದು ಆಡುವವರಿಗೆ ಬಿಟ್ಟದ್ದು.

"ನನ್ನ ಮೂಗು ಇಷ್ಟು ದಪ್ಪ ಇಲ್ಲ" ಅಂದೆ.

"ಇದೆ" ಅಂದಳು.

ಆ ಅಂಗಡಿಯಲ್ಲಿ ಗಿರಾಕಿಗಳು ಆಟದ ಕೆಳಗೆ ತಮ್ಮ ಮಾತು ಬರೆಯಬಹುದು. ಬಹಳ ಜನವೇನೂ ಬಂದಿಲ್ಲ. ಬಂದವರಲ್ಲಿ ಒಬ್ಬರು 'ಮುದುಕಿ ಕಳ್ಳಿ' ಎಂದು ಬರೆದಿದ್ದಾರೆ, ಸರಿಯಾಗಿಯೇ ಇದೆ. ಇನ್ನೊಬ್ಬರು, ಯಾವ ದೇಶದವರೋ, ಬರೆದದ್ದನ್ನು ವಿನುತಾ ಕನ್ನಡ ಮಾಡಿ ಓದಿದಳು: ಮೂರು ಸಲ ಮೋಸ ಹೋದೆ, ನಾಲ್ಕನೇ ಸಲವೂ ಕಾದೆ, ಮಗು ಎತ್ತಿಕೊಂಡವಳು ಹತ್ತಿದಳು.

ಇನ್ನೊಮ್ಮೆ ಓದಿಸಿದೆ. ಕೂರಲು ಜಾಗವಿಲ್ಲದ ಅಂಗಡಿಯಲ್ಲೂ ಕಾಯುವವರು ಸಿಗುತ್ತಾರೆ ಎಂದಾಯಿತು. ಆ ಪುಣ್ಯಾತ್ಮರು ನನ್ನ ಕಟ್ಟೆಗೆ ಬಂದಿದ್ದರೆ ಒಂದು ಹೋಳು ಪುಕ್ಕಟೆ ಕೊಡುತ್ತಿದ್ದೆ. ಎರಡನೆಯದಕ್ಕೆ ಮಾತ್ರ ಕಾಸು.