ಎಕ್ಕದ ಹುಳುವಿನ ಭದ್ರತೆ

ಎಸ್ಟೇಟಿನ ರೈಟರ್ ಕೆಲಸದಿಂದ ನಿವೃತ್ತರಾಗಿ ಆಲೂರಿಗೆ ಬಂದ ಮೇಲೆ ನನ್ನ ಗಂಡನಿಗೆ ಬೈಯಲು ಆಳುಗಳಿರಲಿಲ್ಲ. ಹಾಗಾಗಿ ರಸ್ತೆ ಬದಿಯ ಎಕ್ಕದ ಗಿಡದಿಂದ ಪಟ್ಟೆಪಟ್ಟೆಯ ಹುಳುವೊಂದನ್ನು ತಂದು ನನ್ನ ಗಾಜಿನ ಭರಣಿಯಲ್ಲಿ ಸಾಕತೊಡಗಿದರು.

"ಎಕ್ಕದ ಹಾಲು ವಿಷ ಕಣೇ. ಅದನ್ನೇ ತಿಂದು ಇದೂ ವಿಷ ಆಗ್ಬುಟ್ಟೈತೆ. ಕಾಗೆ ಬಾಯಿಗಿಟ್ರೂ ಉಗೀಬೇಕು. ಇದನ್ನ ಯಾರೂ ಏನೂ ಮಾಡಕ್ಕಾಗಲ್ಲ" ಎಂದರು. ಮದುವೆಯಾದಂದಿನಿಂದ ನನ್ನ ಬಗ್ಗೆ ಇಷ್ಟು ಹೆಮ್ಮೆಯಿಂದ ಮಾತಾಡಿದ್ದು ನೆನಪಿಲ್ಲ.

ಹುಳು ಹಸಿರು ಕೋಶವಾಯಿತು. ಚಿಟ್ಟೆ ಹೊರಬರುವುದನ್ನು ನೋಡಲು ಪಕ್ಕದ ಮನೆಯಾಕೆಗೂ ಆಹ್ವಾನ ಹೋಯಿತು. ಆದರೆ ಕೋಶ ಕಪ್ಪಾಗಿ, ಅದರೊಳಗಿಂದ ಬಿಳಿಯ ಪುಟ್ಟ ಹುಳುಗಳು ಜಾರಿಬಿದ್ದವು. ಕೆಲವು ದಿನಗಳಲ್ಲಿ ಅವೆಲ್ಲ ನೊಣಗಳಾದವು. ಯಾವುದೋ ನೊಣ ನಮಗಿಂತ ಮೊದಲೇ ಬಂದು ಹುಳುವಿನ ಮೇಲೆ ಮೊಟ್ಟೆಯಿಟ್ಟು ಹೋಗಿತ್ತು. ಅದಕ್ಕೆ ಎಕ್ಕದ ವಿಷದ ವಿಚಾರ ಯಾರೂ ತಿಳಿಸಿರಲಿಲ್ಲವೇನೋ.

"ಇಷ್ಟ್ ದಿನ ಸಾಕಿದ್ದು ನೊಣಾನಾ ಅಣ್ಣ?" ಎಂದಳು ಪಕ್ಕದ ಮನೆಯಾಕೆ.

ಅವರ ಮುಖ ಸಪ್ಪಗಾಯಿತು. ನನಗೂ ಪಾಪ ಅನ್ನಿಸಿತು. ಅವರು ಭರಣಿಯ ಮುಚ್ಚಳ ತೆಗೆದು ನೊಣಗಳನ್ನು ಕಿಟಕಿಯಿಂದ ಹೊರಬಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಇವೂ ಸಾಮಾನ್ಯದವಲ್ಲ ಕಣಮ್ಮ, ಅಂಥಾ ವಿಷಾನೇ ದಕ್ಕಿಸ್ಕೊಂಡವೆ" ಎಂದು ಹೊಸ ಪಾಠ ಆರಂಭಿಸಿದರು. ಒಲೆಯ ಮೇಲೆ ಸಾರಿಟ್ಟಿದ್ದು ನೆನಪಾಗಿ ಆಕೆ ಹೊರಟೇಬಿಟ್ಟಳು. ನಾನು ಕೂತು ಕೇಳಿದೆ.