ಸುಮಿತ್ರಮ್ಮ ರೋಗಿಯಾದ ದಿನ

ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಸುಮಿತ್ರಮ್ಮ ಆರೋಗ್ಯ ಕೇಂದ್ರದ ಬೀಗ ತೆಗೆಯುತ್ತಿದ್ದರು. ಬೋಗಾದಿಯ ಹೊಸ ಬಡಾವಣೆಯೊಂದರಲ್ಲಿ, ಹಾಸ್ಟೆಲ್ ಕಟ್ಟಡಗಳ ನಡುವೆ ಸಿಕ್ಕಿಕೊಂಡಿದ್ದ ಪುಟ್ಟ ಕೇಂದ್ರ ಅದು. ಮೊದಲು ಗುಡಿಸುವುದು, ಆಮೇಲೆ ಫಿನಾಯಿಲ್ ಹಾಕಿ ಎರಡು ಸಲ ಒರೆಸುವುದು, ಅದೂ ಒಳಗಿನಿಂದ ಬಾಗಿಲ ಕಡೆಗೆ. ಇಲ್ಲಿ ಆಯಾ ಆಗಿ ಕೆಲಸಕ್ಕೆ ಸೇರಿದ ಏಳು ವರ್ಷದಲ್ಲಿ ಒಂದು ದಿನವೂ ಅವರು ಬಾಗಿಲಿನಿಂದ ಒಳಕ್ಕೆ ಒರೆಸಿದವರಲ್ಲ.

ಅವರ ತೌರು ಇಲವಾಲ. ಶಾಲೆ ಎರಡನೇ ಕ್ಲಾಸಿಗೇ ನಿಂತಿತ್ತು. ಹದಿನೆಂಟಕ್ಕೆ ಮದುವೆಯಾಗಿ ಬೋಗಾದಿಗೆ ಬಂದಾಗ ಮನೆ ಮುಂದೆ ರಾಗಿ ಹೊಲ ಇತ್ತು. ಈಗ ಅಲ್ಲಿ ನಾಲ್ಕಂತಸ್ತಿನ ಪಿ.ಜಿ. ಹಾಸ್ಟೆಲ್ ಎದ್ದಿತ್ತು. ಗಂಡ ಶಿವರುದ್ರಪ್ಪ ಕಡಕೊಳದ ಕಾರ್ಖಾನೆಯ ಮಾಲು ಸಾಗಿಸುವ ಲಾರಿ ಓಡಿಸುತ್ತಿದ್ದರು. ತಿಂಗಳಿಗೆ ಇಪ್ಪತ್ತು ದಿನ ರಸ್ತೆಯ ಮೇಲೆಯೇ. ಎಂಟು ವರ್ಷದ ಹಿಂದೆ ಕೆಮ್ಮು ಹತ್ತಿತು, ಮೈ ಇಳಿಯಿತು, ಟಿಬಿ ಅಂದರು. ಏಳೇ ತಿಂಗಳಲ್ಲಿ ಹೋಗಿಬಿಟ್ಟರು.

ಹಿಂದಿನ ವರ್ಷ ಕೇಂದ್ರದ ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದ್ದರು. ನೆಲ ಒರೆಸುವಾಗ ಸುಮಿತ್ರಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ದಿನಕ್ಕೊಂದು ಸಾಲು ಓದಿದರು. ಐದನೇ ದಿನ ಕೊನೆಯ ಸಾಲು ಮುಗಿಯಿತು. ಎಚ್‌ಐವಿ ಇದ್ದವರಿಗೆ ಟಿಬಿ ಬೇಗ ಬರುತ್ತದೆ, ಟಿಬಿ ಬಂದವರೆಲ್ಲ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು ಎಂದಿತ್ತು ಅದರಲ್ಲಿ. ಗಂಡನಿಗೆ ಅದನ್ನು ಮಾಡಿದ್ದರೋ ಇಲ್ಲವೋ? ಮನೆಯ ಟ್ರಂಕಿನಲ್ಲಿದ್ದ ಆಸ್ಪತ್ರೆ ಚೀಟಿಗಳನ್ನೆಲ್ಲ ಹರವಿ ನೋಡಿದರು. ಅದರ ಸುದ್ದಿಯೇ ಇರಲಿಲ್ಲ. ಹಾಗಾದರೆ ನನ್ನದೇನು ಎಂದು ಆ ದಿನದಿಂದ ಒಂದೇ ಯೋಚನೆ ಹತ್ತಿಕೊಂಡಿತು. ಬೆರಳಿಗೆ ಒಂದು ಸೂಜಿ ಚುಚ್ಚಿಸಿಕೊಂಡು ತಿಳಿದುಕೊಂಡುಬಿಡಬೇಕು.

ಆದರೆ ಬಾಯಿಬಿಟ್ಟು ಕೇಳುವುದು ಹೇಗೆ? ಕೇಳಿದರೆ ‘ಯಾಕೆ’ ಅನ್ನುತ್ತಾರೆ. ಯಾಕೆ ಎಂದರೆ ಗಂಡನ ಮಾತು ಬರುತ್ತದೆ. ಸತ್ತವರ ಮೇಲೆ ಊರು ನಾಲ್ಕು ಮಾತಾಡುವುದು ಅವರಿಗೆ ಬೇಡವಾಗಿತ್ತು. ಒಂದು ಸಲ ರಜೆ ಹಾಕಿ ಪೇಟೆಯ ದೊಡ್ಡಾಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತೂ ನಿಂತರು. ಮುಂದೆ ಮೂರನೆಯವಳು ತಮ್ಮ ಬೀದಿಯ ಹೂವಿನಾಕೆ! ದೇವರಿಗೆ ಹೂವು ಕೊಳ್ಳಲೆಂದೇ ಬಂದವರಂತೆ ಅವಳಿಂದ ಎರಡು ಮೊಳ ಮಲ್ಲಿಗೆ ಕೊಂಡು ವಾಪಸು ಬಂದರು. ಯಾರಾದರೂ ತಾವಾಗಿಯೇ ಕೇಳಿದರೆ ‘ಹೂಂ’ ಅಂದುಬಿಡುತ್ತೇನೆ ಎಂದು ಕಾಯುತ್ತಾ ಕೂತರು. ಕೇಂದ್ರದಲ್ಲಿ ಬಸುರಿಯರನ್ನು ಕೇಳುತ್ತಿದ್ದರು. ಸುಮಿತ್ರಮ್ಮನನ್ನು ಯಾರು ಕೇಳುತ್ತಾರೆ?

ಹೀಗಿರುವಾಗ ಒಂದು ಬುಧವಾರ ತರಬೇತಿ ಬಂತು. ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುತ್ತೀರಾ ಎಂದು ರೋಗಿಗಳನ್ನು ಹೇಗೆ ಕೇಳಬೇಕು ಅಂತ ಸಿಬ್ಬಂದಿಗೆ ಕಲಿಸಲು ಮಾಲವಿಕಾ ಮೇಡಂ ಬಂದಿದ್ದರು. ಬೆಳಗಿನಿಂದ ಪಾಠ ಹೇಳಿ, ಹನ್ನೊಂದೂವರೆಗೆ, “ಈಗ ಮಾಡಿ ತೋರಿಸಿ. ಒಬ್ಬರು ರೋಗಿ ಆಗಬೇಕು, ಯಾರು ಬರ್ತೀರಿ?” ಎಂದರು.

ಯಾರೂ ಮೇಲೇಳಲಿಲ್ಲ. ಆಗ ಸುಮಿತ್ರಮ್ಮ ತೊಳೆದ ಖಾಲಿ ಟೀ ಲೋಟಗಳನ್ನು ಹಿಡಿದು ಒಳಗೆ ಬಂದರು. ಲ್ಯಾಬ್ ಟೆಕ್ನಿಷಿಯನ್ ಮೃತ್ಯುಂಜಯ ಕೂಗಿದ, “ನಮ್ ಸುಮಿತ್ರಮ್ಮೋರು ಇದಾರಲ್ಲ ಮೇಡಂ! ರೋಗಿಗಳನ್ನ ಇವರಷ್ಟು ನೋಡಿರೋರು ಯಾರವ್ರೆ?”

“ನಂಗೆ ನಾಟ್ಕ ಬರಲ್ಲ ಕಣಪ್ಪ,” ಎಂದರು ಸುಮಿತ್ರಮ್ಮ.

“ನಾಟಕ ಏನೂ ಬೇಡಮ್ಮ. ನಿಮಗೆ ಕೆಮ್ಮು, ಅಷ್ಟೆ. ಮಿಕ್ಕಿದ್ದು ನಿಮಗೆ ತೋಚಿದ್ದು ಹೇಳಿ,” ಎಂದರು ಮಾಲವಿಕಾ.

ಸುಮಿತ್ರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ರೋಗಿಯ ಸ್ಟೂಲಿನ ಮೇಲೆ ಕೂತರು. ತೋಚಿದ್ದು ಹೇಳು ಅಂದರಲ್ಲ, ಇದ್ದದ್ದನ್ನೇ ಹೇಳಿದರಾಯಿತು ಎಂದುಕೊಂಡರು.

ಮೊದಲು ಬಂದವರು ಹಿರಿಯ ನರ್ಸ್ ಪ್ರೇಮಲೀಲಾ. ಇಪ್ಪತ್ತಾರು ವರ್ಷದ ಸರ್ವೀಸು. ಕೆಮ್ಮು ಎಷ್ಟು ದಿನದಿಂದ, ಕಫ ಬರುತ್ತಾ, ರಾತ್ರಿ ಬೆವರುತ್ತಾ, ಎಲ್ಲಾ ಕೇಳಿದರು. “ನಮ್ ಯಜಮಾನ್ರು ಟಿಬಿ ಆಗಿ ಹೋದ್ರು, ಸಿಸ್ಟರ್. ಲಾರಿ ಡ್ರೈವರ್ರು,” ಎಂದರು ಸುಮಿತ್ರಮ್ಮ. ಪ್ರೇಮಲೀಲಾ ತುಂಬ ಮರುಗಿ, ಕಫ ಪರೀಕ್ಷೆಗೆ ಚೀಟಿ ಬರೆದು, ಸೊಪ್ಪು ಮೊಟ್ಟೆ ಚೆನ್ನಾಗಿ ತಿನ್ನಿ ಎಂದು ಕಳಿಸಿಬಿಟ್ಟರು.

“ಎಚ್‌ಐವಿ ಮಾತು ಬರಲೇ ಇಲ್ಲವಲ್ಲ ಸಿಸ್ಟರ್?” ಎಂದರು ಮಾಲವಿಕಾ.

“ಅಯ್ಯೋ ಮೇಡಂ, ಹಣೆ ತುಂಬ ವಿಭೂತಿ ಇಟ್ಕೊಂಡು ಬಂದಿರೋ ಹೆಂಗಸನ್ನ ಎಂಗೆ ಕೇಳೋದು? ತಪ್ಪು ತಿಳ್ಕೊಂಡ್ಬುಟ್ರೆ?”

“ವಿಭೂತಿ ನೋಡಿ ರಕ್ತದಲ್ಲಿ ಏನಿದೆ ಅಂತ ಹೇಳೋಕಾಗಲ್ಲ ಸಿಸ್ಟರ್.”

ಎರಡನೆಯದು ಮೃತ್ಯುಂಜಯನ ಸರದಿ. ಅವನು ಎದುರಿಗೆ ಕೂತು ಫ್ಯಾನು ನೋಡಿದ. “ಅದೂ... ಸುಮಿತ್ರಮ್ಮೋರೆ... ಆ ಥರದ್ದು ಒಂದು ಟೆಸ್ಟು...”

“ಯಾವ ಥರದ್ದಪ್ಪ?”

“ಅದೇ, ಆ ಥರದ್ದು.”

“ಫ್ಯಾನ್ ರಿಪೇರಿದಾ?”

ಕೋಣೆಯೆಲ್ಲ ನಕ್ಕಿತು. ಮೃತ್ಯುಂಜಯ, “ಇವರು ಬಲೇ ಘಾಟಿ ರೋಗಿ, ನಮಗೆ ಬೇರೆ ಕೊಡಿ,” ಎನ್ನುತ್ತಾ ಎದ್ದುಹೋದ. ಸುಮಿತ್ರಮ್ಮನೂ ನಕ್ಕರು. ಆದರೆ ಇಬ್ಬರು ಮುಗಿದರು, ಯಾರೂ ಕೇಳಲಿಲ್ಲ ಎಂದು ಒಳಗೇ ಲೆಕ್ಕ ಹಾಕುತ್ತಿದ್ದರು. ಉಳಿದವಳು ಒಬ್ಬಳೇ, ಶಿಲ್ಪಶ್ರೀ. ನರ್ಸ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ, ನಾಲ್ಕು ಜನರೆದುರು ಬಾಯೇ ಬಿಡದವಳು.

ಶಿಲ್ಪಶ್ರೀ ಬಂದು ಕೂತಳು. ಅಂಗೈಯಲ್ಲಿ ಪೆನ್ನಿನಿಂದ ಏನೋ ಬರೆದುಕೊಂಡಿದ್ದಳು, ಬೆವರಿಗೆ ಅರ್ಧ ಅಳಿಸಿತ್ತು. ಅದನ್ನೊಮ್ಮೆ ನೋಡಿ, ಮುಷ್ಟಿ ಮುಚ್ಚಿ, ಸುಮಿತ್ರಮ್ಮನ ಮುಖವನ್ನೇ ನೋಡುತ್ತಾ ಹೇಳಿದಳು.

“ಅಮ್ಮ, ಇಷ್ಟು ದಿನದ ಕೆಮ್ಮು ಇರೋ ಎಲ್ರಿಗೂ ನಾವು ಎಚ್‌ಐವಿ ಪರೀಕ್ಷೆ ಮಾಡ್ತೀವಿ. ದೊಡ್ಡೋರು ಚಿಕ್ಕೋರು ಅಂತಿಲ್ಲ. ಒಂದು ಹನಿ ರಕ್ತ ಸಾಕು. ಏನೇ ಬಂದ್ರೂ ನಿಮ್ಮನ್ನ ಬಿಟ್ಟು ಯಾರಿಗೂ ಹೇಳಲ್ಲ, ಇದೆ ಅಂತ ಬಂದ್ರೆ ಒಳ್ಳೇ ಮಾತ್ರೆ ಇದೆ. ಬೇಡ ಅಂದ್ರೆ ಬೇಡ, ಬೇರೆ ಚಿಕಿತ್ಸೆ ನಿಲ್ಲಲ್ಲ. ನಿಮಗೆ ಮಾಡ್ಲಾ?”

ಸುಮಿತ್ರಮ್ಮ, “ಮಾಡವ್ವ,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲವಿಕಾ, “ಇದು ನೋಡಿ, ಇಷ್ಟೇ!” ಎಂದು ಟೀಗೆ ಬಿಟ್ಟರು.

ಶಿಲ್ಪಶ್ರೀ ಕೈ ತೊಳೆಯಲು ಹೊರಟರೆ ಸುಮಿತ್ರಮ್ಮ ಹಿಂದೆಯೇ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತರು.

“ನಡಿ ಮತ್ತೆ. ಕೇಳ್ದೆ, ಹೂಂ ಅಂದ್ನಲ್ಲ.”

“ಅದು ನಾಟಕಕ್ಕೆ ಅಲ್ವಾ ಅಮ್ಮ?”

“ನೀನಾಡಿದ್ದು ನಾಟ್ಕ ಕಣ್ ಮಗ. ನಾನು ಆಡಿದ್ದಲ್ಲ.”

ಹುಡುಗಿ ಯಾಕೆ ಎನ್ನಲಿಲ್ಲ. ಬಾಗಿಲು ಹಾಕಿದಳು, ಕೈಗವಸು ತೊಟ್ಟಳು, ಬೆರಳ ತುದಿ ಒರೆಸಿ ಚುಚ್ಚಿದಳು. ಒಂದು ಹನಿಯನ್ನು ಪುಟ್ಟ ಬಿಳಿ ಪಟ್ಟಿಗೆ ಬಿಟ್ಟು ಹೇಳಿದಳು, “ಇಪ್ಪತ್ತು ನಿಮಿಷ ಕಾಯ್ಬೇಕು. ಒಂದು ಗೆರೆ ಬಂದ್ರೆ ಇಲ್ಲ ಅಂತ. ಎರಡು ಬಂದ್ರೆ ಇನ್ನೂ ಪರೀಕ್ಷೆ ಮಾಡಿ ಖಾತ್ರಿ ಮಾಡ್ಕೋಬೇಕು.”

ಸುಮಿತ್ರಮ್ಮ ಗೋಡೆ ಗಡಿಯಾರ ನೋಡಿದರು. ಹನ್ನೆರಡು ಹತ್ತು. ಸುಮ್ಮನೆ ಕೂರಲಾರದೆ ಗಂಡನ ಮಾತು ತೆಗೆದರು. ಲಾರಿಯಿಂದ ಇಳಿದ ದಿನ ಅಡುಗೆ ತಾವೇ ಮಾಡುತ್ತಿದ್ದುದು, ಉಪ್ಪು ಮಾತ್ರ ಪ್ರತಿ ಸಲ ಮರೆಯುತ್ತಿದ್ದುದು, ‘ಉಪ್ಪಿಲ್ಲ ಕಣ್ರೀ’ ಎಂದರೆ ‘ಅದು ನಿನ್ನ ಪಾಲಿನ ಕೆಲಸ’ ಎನ್ನುತ್ತಿದ್ದುದು. ಅವರು ಹೋದಾಗಿನಿಂದ ಯಾರಿಗೂ ಹೇಳದಿದ್ದ ಇನ್ನೂ ಎಷ್ಟೋ ಬಂದವು. ಶಿಲ್ಪಶ್ರೀ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹನ್ನೆರಡೂವರೆಗೆ ಸರಿಯಾಗಿ ಇಬ್ಬರೂ ಬಗ್ಗಿ ನೋಡಿದರು.

“ಒಂದೇ ಗೆರೆ,” ಎಂದಳು ಹುಡುಗಿ.

“ಇನ್ನೊಂದು ಸಲ ನೋಡು. ಬೆಳಕಿಗೆ ಹಿಡಿ.”

ಕಿಟಕಿಯ ಬೆಳಕಿಗೆ ಹಿಡಿದರು. ಒಂದೇ ಗೆರೆ. ಸುಮಿತ್ರಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ಒಂದು ಉದ್ದ ಉಸಿರು ಬಿಟ್ಟರು.

“ಅಲ್ಲ ಕಣವ್ವ, ನೀನು ಯಾರಿಗೂ ಹೇಳಂಗಿಲ್ಲ ಅಲ್ವಾ?”

“ಪ್ರಾಣ ಹೋದ್ರೂ ಹೇಳಲ್ಲ ಅಮ್ಮ.”

“ನಾನು ಹೇಳ್ಬೋದು ತಾನೆ?”

ಹತ್ತಿ ಒತ್ತಿಕೊಂಡಿದ್ದ ಬೆರಳನ್ನು ಎತ್ತಿ ಹಿಡಿದುಕೊಂಡೇ ಅವರು ಟೀ ಕುಡಿಯುತ್ತಿದ್ದವರ ಮಧ್ಯೆ ಹೋಗಿ ನಿಂತರು. “ನಂದು ಆಯ್ತು ಕಣ್ರಪ್ಪ, ಎಚ್‌ಐವಿ ಟೆಸ್ಟು. ಎಲ್ರಿಗೂ ಮಾಡ್ತಾರಂತೆ.” ಪ್ರೇಮಲೀಲಾ ಲೋಟ ಕೆಳಗಿಟ್ಟು, “ಸರ್ವೀಸಲ್ಲಿ ರೋಗಿಗಳಿಗೆ ಹಾಕೋವಾಗ ನನ್ ಕೈಗೇ ಎಷ್ಟು ಸಲ ಸೂಜಿ ಚುಚ್ಕೊಂಡಿದೀನೋ, ನಂದೂ ನೋಡ್ಬುಡು ಶಿಲ್ಪ,” ಎಂದು ಎದ್ದರು.

ಮೃತ್ಯುಂಜಯ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ. ಸಾವಿರಾರು ಬೆರಳು ಚುಚ್ಚಿದ್ದವನಿಗೆ ತನ್ನ ಬೆರಳೆಂದರೆ ಭಯ ಎಂಬುದು ಅವತ್ತೇ ಎಲ್ಲರಿಗೂ ಗೊತ್ತಾದದ್ದು.

“ಬೇಡ ಅಂದ್ರೆ ಬೇಡ ಕಣಪ್ಪ, ಬಲವಂತ ಇಲ್ಲ. ಮಾಡ್ಲಾ ಅಂತ ಕೇಳ್ತಾರೆ, ಅಷ್ಟೇಯ,” ಎಂದರು ಸುಮಿತ್ರಮ್ಮ.

ಅವನು ಫ್ಯಾನು ನೋಡಿದ, ನೆಲ ನೋಡಿದ. ಕೊನೆಗೆ, “ನೀವು ಪಕ್ಕದಲ್ಲಿ ನಿಂತ್ಕೊಳ್ಳೋದಾದ್ರೆ ಸರಿ,” ಎಂದು ಅಂಗಿಯ ತೋಳು ಮಡಿಸಿದ.

“ತೋಳಿಗಲ್ಲ ಕಣೋ, ಬೆರಳಿಗೆ,” ಎಂದು ಸುಮಿತ್ರಮ್ಮ ಅವನ ಕೈ ಹಿಡಿದುಕೊಂಡು ಲ್ಯಾಬಿಗೆ ಕರೆದುಕೊಂಡು ಹೋದರು.